ಮಲೆನಾಡಿನ ಜೇಡಿಮಣ್ಣಿನಲ್ಲಿ ತರಕಾರಿ ಮಡಿ: ಮೊದಲು ನೀರಿಗೆ ದಾರಿ, ಆಮೇಲೆ ಬೀಜ

ಜುಲೈ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಿತ್ತಲುಗಳನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಬದನೆ ಸಸಿಯ ಬುಡದಲ್ಲಿ ನೀರು ನಿಂತಿದೆ. ಆದರೂ ಗಿಡ ನೀರೇ ಕಾಣದ ಹಾಗೆ ಬಾಡಿದೆ, ಎಲೆ ಹಳದಿಯಾಗಿದೆ. ಮನೆಯವರು ಗೊಬ್ಬರ ಸಾಲಲಿಲ್ಲ ಅಂದುಕೊಂಡು ಇನ್ನೊಂದು ಬುಟ್ಟಿ ತಂದು ಸುರಿಯುತ್ತಾರೆ. ಗಿಡ ಇನ್ನೂ ಬೇಗ ಸಾಯುತ್ತದೆ.

ಅದು ಹಸಿವಿನಿಂದ ಸಾಯುತ್ತಿಲ್ಲ, ಉಸಿರುಕಟ್ಟಿ ಸಾಯುತ್ತಿದೆ. ಬೇರಿಗೂ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ ಅದು ಸಿಗುತ್ತದೆ. ಆ ಸಂದುಗಳಲ್ಲಿ ನೀರು ತುಂಬಿಕೊಂಡರೆ ಆಮ್ಲಜನಕ ಬೇರನ್ನು ತಲುಪುವುದೇ ಇಲ್ಲ ಎನ್ನಬಹುದು. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರಿಲ್ಲದ ಬೇರಿಗೆ ನೀರು ಎಳೆದುಕೊಳ್ಳುವ ಶಕ್ತಿಯೂ ಇರುವುದಿಲ್ಲ. ಅದಕ್ಕೇ ನೀರಿನಲ್ಲಿ ನಿಂತ ಗಿಡ ಬಾಡುವುದು. ಸೋತ ಬೇರಿಗೆ ಪಿಥಿಯಂ, ಫೈಟಾಫ್ತೊರದಂಥ ಕೊಳೆರೋಗದ ಜೀವಿಗಳು ಹತ್ತಿಕೊಳ್ಳುತ್ತವೆ. ಇವು ನೀರಿನಲ್ಲಿ ಈಜಿಕೊಂಡು ಬೇರಿನಿಂದ ಬೇರಿಗೆ ಹೋಗುವಂಥವು. ಶುಂಠಿ ಬೆಳೆದವರಿಗೆ, ಕಾಳುಮೆಣಸಿನ ಬಳ್ಳಿ ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಮಳೆ ಜಾಸ್ತಿ, ಮಣ್ಣು ಜೇಡಿ ಅನ್ನುವ ಕಡೆ ತರಕಾರಿ ಮಡಿ ಮಾಡುವುದು ಅರ್ಧಕ್ಕಿಂತ ಹೆಚ್ಚು ನೀರಿನ ಕೆಲಸ. ಯಾವ ಬೀಜ, ಯಾವ ಗೊಬ್ಬರ ಅನ್ನುವುದೆಲ್ಲ ಆಮೇಲಿನ ಮಾತು.

ಸ್ವಲ್ಪ ಲೆಕ್ಕ ಹಾಕೋಣ. ಜೇಡಿಮಣ್ಣಿನ ಒಂದು ಕಣ 0.002 ಮಿಲಿಮೀಟರಿಗಿಂತ ಸಣ್ಣದು. ಕಣ ಸಣ್ಣದಾದಷ್ಟೂ ನಡುವಿನ ಸಂದು ಸಣ್ಣದು, ನೀರು ಇಳಿಯುವುದು ನಿಧಾನ. ಮರಳು ಮಣ್ಣು ಗಂಟೆಗೆ 30 ಮಿಲಿಮೀಟರಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಜೇಡಿಮಣ್ಣು ಕುಡಿಯುವುದು 1ರಿಂದ 5 ಮಿಲಿಮೀಟರ್ ಮಾತ್ರ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಅಷ್ಟಿಲ್ಲದ ಊರುಗಳಲ್ಲೂ ಆರಿದ್ರಾ, ಪುನರ್ವಸು ಮಳೆಗಳಲ್ಲಿ (ಜೂನ್ ಕೊನೆಯಿಂದ ಜುಲೈ ನಡುವಿನ ತನಕ) ದಿನಕ್ಕೆ 100 ಮಿಲಿಮೀಟರ್ ಬಿದ್ದರೆ ಯಾರೂ ಅದನ್ನು ಸುದ್ದಿ ಅನ್ನುವುದಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್ ನೀರು. 20 ಅಡಿ ಉದ್ದ, 30 ಅಡಿ ಅಗಲದ ಪುಟ್ಟ ಹಿತ್ತಲಿನ ಮೇಲೆ ಅಂಥ ಒಂದೇ ದಿನ ಬೀಳುವ ನೀರು ಸುಮಾರು 5,600 ಲೀಟರ್. ಇಂಗುವುದು ಇಂಗಲಿ. ಮಿಕ್ಕಿದ್ದನ್ನು ಬೇರಿನ ಹತ್ತಿರ ನಿಲ್ಲದ ಹಾಗೆ ಹೊರಗೆ ನಡೆಸಿಕೊಂಡು ಹೋಗಬೇಕು.

ಹಾಗಂತ ಜೇಡಿಮಣ್ಣನ್ನು ಶತ್ರು ಅಂದುಕೊಳ್ಳಬೇಡಿ. ಇಷ್ಟು ಮಳೆ ಬೀಳುವ ಕಡೆ ಬರೀ ಮರಳು ಮಣ್ಣಿದ್ದರೆ ನೀವು ಹಾಕಿದ ಗೊಬ್ಬರದ ಸಾರವೆಲ್ಲ ನಾಲ್ಕು ದಿನಕ್ಕೆ ಹಳ್ಳ ಸೇರುತ್ತಿತ್ತು. ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ ಇವನ್ನೆಲ್ಲ ಅದು ಹಿಡಿದಿಟ್ಟುಕೊಂಡು ಬೇರಿಗೆ ಕೊಡುತ್ತದೆ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತೇವ ಕಾಪಾಡುತ್ತದೆ. ಒಳ್ಳೆಯ ಮಣ್ಣೇ, ಸ್ವಲ್ಪ ಗಾಳಿ ಆಡುವ ಹಾಗೆ ಮಾಡಿಕೊಳ್ಳಬೇಕು ಅಷ್ಟೆ.

ನಿಮ್ಮ ಹಿತ್ತಲಿನ ಮಣ್ಣು ಯಾವುದು?

ಮಲೆನಾಡಿನಲ್ಲಿ ಒಂದೇ ಮನೆಯ ಸುತ್ತ ಎರಡು ಮೂರು ಬಗೆಯ ಮಣ್ಣಿರುತ್ತದೆ. ಗುಡ್ಡದ ಮೇಲಿನ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲೂ ಜೇಡಿ ಸಾಕಷ್ಟಿದೆ. ಆದರೆ ಅಲ್ಲಿ ಕಬ್ಬಿಣದ ಆಕ್ಸೈಡು ಕಣಗಳನ್ನು ಹರಳು ಹರಳಾಗಿ ಅಂಟಿಸಿಟ್ಟಿರುವುದರಿಂದ ನೀರು ತಕ್ಕಮಟ್ಟಿಗೆ ಇಳಿಯುತ್ತದೆ. ಅದೇ ಗುಡ್ಡದಿಂದ ಸಾವಿರಾರು ವರ್ಷ ತೊಳೆದುಬಂದ ನುಣ್ಣನೆಯ ಮಣ್ಣು ಕೆಳಗೆ ಗದ್ದೆಬಯಲಲ್ಲಿ ಕೂತಿದೆ. ನಿಜವಾದ ಅಂಟು ಜೇಡಿ ಅದು.

ಗೊತ್ತು ಮಾಡಿಕೊಳ್ಳುವುದು ಸುಲಭ. ಒಂದು ಹಿಡಿ ಮಣ್ಣನ್ನು ನೀರು ಹಾಕಿ ಕಲಸಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿಯ ಹಾಗೆ ಹೊರಗೆ ತಳ್ಳಿ. ಎರಡು ಇಂಚು ಉದ್ದ ಬಂದರೂ ತುಂಡಾಗದಿದ್ದರೆ ಗಟ್ಟಿ ಜೇಡಿ. ಇದಕ್ಕಿಂತ ಮುಖ್ಯವಾದದ್ದು ನೀರಿಳಿಯುವ ಪರೀಕ್ಷೆ. ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಪೂರ್ತಿ ಇಳಿದ ಮೇಲೆ ಮತ್ತೆ ತುಂಬಿಸಿ, ಎರಡನೇ ಸಲ ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಒಂದು ಕಡ್ಡಿಯಿಟ್ಟು ಅಳೆಯಿರಿ. ಮೊದಲ ಸಲದ್ದನ್ನು ನಂಬಬೇಡಿ. ಒಣಗಿದ ಮಣ್ಣು ಆಸೆಯಿಂದ ಕುಡಿದುಬಿಡುತ್ತದೆ. ಗಂಟೆಗೆ ಒಂದು ಇಂಚಿಗಿಂತ ಕಡಿಮೆ ಇಳಿದರೆ ಅಲ್ಲಿ ನೆಲಮಟ್ಟದಲ್ಲಿ ಮಳೆಗಾಲದ ತರಕಾರಿ ಆಗುವುದಿಲ್ಲ, ಏರುಮಡಿಯೇ ಬೇಕು.

ಹಳೆಯ ಗದ್ದೆಯಲ್ಲಿ ತೋಟ ಮಾಡುವವರು ಇನ್ನೊಂದು ವಿಷಯ ಗಮನಿಸಬೇಕು. ಭತ್ತದ ಗದ್ದೆಯಲ್ಲಿ ರೈತ ಬೇಕಂತಲೇ ಮಣ್ಣನ್ನು ಕೆಸರು ಮಾಡುತ್ತಾನೆ. ನೀರು ನಿಲ್ಲಿಸಿ ಮತ್ತೆ ಮತ್ತೆ ಉತ್ತು, ಮಣ್ಣಿನ ಹರಳುಗಳನ್ನು ಒಡೆದು, ಸಂದುಗಳನ್ನೆಲ್ಲ ಮುಚ್ಚುತ್ತಾನೆ. ನೀರು ಕೆಳಗೆ ಸೋರದೆ ನಿಲ್ಲಬೇಕು, ಅದೇ ಉದ್ದೇಶ. ತಲೆಮಾರುಗಳ ಕಾಲ ಹೀಗೆ ಮಾಡಿದ್ದರಿಂದ ಒಂದು ಗೇಣಿನ ಕೆಳಗೆ ಗಟ್ಟಿ ಪದರ ಕಟ್ಟಿಕೊಂಡಿರುತ್ತದೆ. ಭತ್ತಕ್ಕೆ ಇದು ವರ, ಬೆಂಡೆ ಬದನೆಗೆ ಶಾಪ. ಅಂಥ ಕಡೆ ಬೇಸಿಗೆಯಲ್ಲೇ ಹಾರೆ, ಪಿಕಾಸಿ ಹಿಡಿದು ಆ ಪದರವನ್ನು ಅಲ್ಲಲ್ಲಿ ಒಡೆಯಬೇಕು. ಒಡೆಯದೆ ಮೇಲೆ ಎಷ್ಟು ಚೆಂದದ ಮಡಿ ಕಟ್ಟಿದರೂ ಕೆಳಗೆ ನೀರು ನಿಂತೇ ಇರುತ್ತದೆ.

ಭತ್ತದ ಗದ್ದೆಯಿಂದ ಕಲಿಯಬೇಕಾದ ಪಾಠ ಇನ್ನೊಂದಿದೆ. ಒದ್ದೆ ಜೇಡಿಯನ್ನು ಅಗೆದರೆ, ತುಳಿದರೆ ನೀವೂ ಅದನ್ನೇ ಮಾಡುತ್ತೀರಿ. ಮಳೆ ಬಿಟ್ಟ ಒಂದು ಮಧ್ಯಾಹ್ನ ಉತ್ಸಾಹದಿಂದ ಗುದ್ದಲಿ ಹಿಡಿದರೆ ಆ ವರ್ಷದ ಮಣ್ಣು ಕೆಟ್ಟ ಹಾಗೆಯೇ.

ಛತ್ರಿ ಹಿಡಿದು ನೋಡುವುದೇ ಯೋಜನೆ

ಕಾಗದದ ಮೇಲೆ ನಕ್ಷೆ ಬರೆಯುವ ಮೊದಲು ಜೋರು ಮಳೆಯಲ್ಲಿ ಒಮ್ಮೆ ಹಿತ್ತಲಿಗೆ ಇಳಿಯಿರಿ. ನೀರು ಎಲ್ಲಿಂದ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ, ಎಲ್ಲಿಂದ ಹೊರಗೆ ಹೋಗುತ್ತಿದೆ ಅಂತ ನೋಡಿ. ಇದಕ್ಕಿಂತ ಒಳ್ಳೆಯ ಸರ್ವೆ ಇಲ್ಲ.

ಬಿದ್ದ ಮಳೆಗಿಂತ ಹರಿದುಬಂದ ನೀರೇ ಹೆಚ್ಚು ತೊಂದರೆ ಕೊಡುತ್ತದೆ. ಮನೆಯ ಹಂಚಿನ ಮಾಡು 100 ಚದರ ಮೀಟರ್ ಇದ್ದರೆ, 100 ಮಿಲಿಮೀಟರ್ ಮಳೆಯ ದಿನ ಸೂರಿನಿಂದ ಇಳಿಯುವ ನೀರು 10,000 ಲೀಟರ್. ಅದು ನೇರ ಮಡಿಗೆ ನುಗ್ಗಿದರೆ ಯಾವ ಮಣ್ಣೂ ತಡೆಯುವುದಿಲ್ಲ. ಮೊದಲು ಅದನ್ನು ಸೂರಿನಡಿ ದೋಣಿ, ಪೈಪು ಹಾಕಿ ಬೇರೆ ಕಡೆಗೆ ತಿರುಗಿಸಿ. ಇನ್ನೊಂದು, ಮನೆಯ ಹಿಂದಿನ ಧರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ. ಆಶ್ಲೇಷಾ ಮಳೆಯ ಹೊತ್ತಿಗೆ ಧರೆಯ ಬುಡದಲ್ಲಿ ಜಲ ಎದ್ದು ವಾರಗಟ್ಟಲೆ ಜಿನುಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಅಂಥ ಕಡೆ ಧರೆಗೂ ಮಡಿಗೂ ನಡುವೆ ಅಡ್ಡಲಾಗಿ ಒಂದು ಬಸಿಗಾಲುವೆ ತೋಡಿ, ಜಿನುಗನ್ನು ಅಲ್ಲೇ ಹಿಡಿದು ಪಕ್ಕಕ್ಕೆ ಒಯ್ಯಬೇಕು. ಕಾಲುವೆ ಧರೆಯ ಬುಡಕ್ಕೆ ಅಂಟಿಕೊಂಡಿರಬಾರದು. ಜಾಗ ಸಾಲದು ಅಂತ ಧರೆಯನ್ನು ಕಡಿಯುವುದೂ, ಧರೆಯ ತಲೆಯ ಮೇಲೆ ಇಂಗುಗುಂಡಿ ಮಾಡುವುದೂ ಬೇಡ. ನೆಂದ ಗುಡ್ಡ ಏನು ಮಾಡುತ್ತದೆ ಅನ್ನುವುದನ್ನು 2018ರ ಆಗಸ್ಟ್‌ನಲ್ಲಿ ಕೊಡಗು ನೋಡಿದೆ.

ನೀರು ಹೊರಗೆ ಹೋಗುವ ಜಾಗ ಮೊದಲೇ ನಿಕ್ಕಿಯಾಗಬೇಕು. ತೋಟದ ಬಸಿಗಾಲುವೆಗೋ ಹಳ್ಳಕ್ಕೋ ಸೇರಲಿ. ಪಕ್ಕದ ಮನೆಯ ಅಂಗಳಕ್ಕೆ ಮಾತ್ರ ಬೇಡ, ಅಲ್ವಾ? ಹೊರದಾರಿ ಇಲ್ಲದ ಕಾಲುವೆ ಬರೀ ಉದ್ದನೆಯ ಹೊಂಡ. ಹಿತ್ತಲಿನ ಎಲ್ಲಕ್ಕಿಂತ ತಗ್ಗಿನ ಮೂಲೆಯಲ್ಲಿ ಏನೇ ಮಾಡಿದರೂ ನೀರು ನಿಲ್ಲುತ್ತದೆ ಅನ್ನಿಸಿದರೆ ಅದರ ಜೊತೆ ಜಗಳ ಯಾಕೆ? ಅಲ್ಲಿ ಕೆಸು, ಒಂದೆಲಗ ಹಾಕಿ. ಆಟಿ ತಿಂಗಳ ಪತ್ರೊಡೆಗೂ ತಂಬುಳಿಗೂ ಆಯಿತು.

ಬಿಸಿಲಿನ ಬಗ್ಗೆ ಒಂದೇ ಮಾತು. ನಮ್ಮ ಅಕ್ಷಾಂಶದಲ್ಲಿ ಮೇ, ಜೂನ್, ಜುಲೈ ತಿಂಗಳುಗಳ ನಡುಮಧ್ಯಾಹ್ನ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ, ಡಿಸೆಂಬರಿನಲ್ಲಿ ಸಾಕಷ್ಟು ದಕ್ಷಿಣಕ್ಕೆ. ಮೋಡದ ತಿಂಗಳುಗಳಲ್ಲಿ ಸಿಗುವ ಬಿಸಿಲೇ ಕಡಿಮೆ. ಹಾಗಾಗಿ ಮರ, ಗೋಡೆಗಳಿಂದ ದೂರವಿರುವ ಬಯಲು ಜಾಗವನ್ನೇ ಮಡಿಗೆ ಬಿಟ್ಟುಕೊಡಿ.

ಎಲ್ಲರೂ ಹೇಳುವ, ಕೆಲಸಕ್ಕೆ ಬಾರದ ಮದ್ದುಗಳು

ಮೊದಲನೆಯದು, ಆಳವಾಗಿ ಅಗೆದು ಒಳ್ಳೆಯ ಮಣ್ಣು ತುಂಬುವುದು. ಕೇಳಲು ಸರಿ ಅನ್ನಿಸುತ್ತದೆ. ಆದರೆ ಗಟ್ಟಿ ಜೇಡಿಯಲ್ಲಿ ಗುಂಡಿ ತೋಡಿ ಸಡಿಲ ಮಣ್ಣು ಗೊಬ್ಬರ ತುಂಬಿದರೆ ಅದು ಕೊಟ್ಟಿಗೆಯ ಕಲ್ಲಿನ ಬಾನಿಯಂತಾಗುತ್ತದೆ. ಸುತ್ತಲಿನ ನೀರೆಲ್ಲ ಸಡಿಲ ಮಣ್ಣಿಗೆ ಬಂದು ಸೇರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಈ ಮಣ್ಣಿನಲ್ಲಿ ಕೆಳಗೆ ಇಳಿಯಬಾರದು, ಮೇಲಕ್ಕೆ ಏರಬೇಕು.

ಎರಡನೆಯದು ಮರಳು. ಜೇಡಿಗೆ ಒಂದೆರಡು ಗಾಡಿ ಮರಳು ಬೆರೆಸಿದರೆ ಸಡಿಲವಾಗುತ್ತದೆ ಅನ್ನುವುದು ತುಂಬಾ ಕೇಳಿಬರುವ ಸಲಹೆ. ಸ್ವಲ್ಪ ಮರಳು ಹಾಕಿದರೆ ಮರಳಿನ ಕಣಗಳ ನಡುವೆ ಜೇಡಿ ತುಂಬಿಕೊಂಡು ಇನ್ನೂ ಗಟ್ಟಿಯಾಗುತ್ತದೆ. ನಿಜಕ್ಕೂ ಗುಣ ಬದಲಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಭಾಗ ಮರಳೇ ಆಗಬೇಕು. ಈಗಿನ ಮರಳಿನ ದರದಲ್ಲಿ ಅದು ಹುಚ್ಚು ಲೆಕ್ಕ.

ಮೂರನೆಯದು ಮಡಿಯ ತಳದಲ್ಲಿ ಜಲ್ಲಿ ಹಾಸುವುದು. ಇದು ಬುದ್ಧಿವಂತರನ್ನೂ ಮೋಸ ಮಾಡುತ್ತದೆ. ನುಣುಪು ಮಣ್ಣಿನ ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕೆಳಗೆ ದೊಡ್ಡ ಸಂದಿನ ಜಲ್ಲಿ ಬಂದಾಗ ನೀರು ತಾನಾಗಿ ಅದರೊಳಗೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು, ಇನ್ನು ಹಿಡಿಯಲಾರೆ ಅನ್ನುವ ತನಕ ಕಾಯುತ್ತದೆ. ಅಂದರೆ ಜಲ್ಲಿಯ ಮೇಲಿನ ಮಣ್ಣಿನ ಪದರ, ಬೇರು ಇರುವ ಪದರ, ಮೊದಲಿಗಿಂತ ಹೆಚ್ಚು ಹೊತ್ತು ಒದ್ದೆಯಾಗಿರುತ್ತದೆ. ಜಲ್ಲಿಗೆ ಕೆಲಸವಿರುವುದು ನೀರು ಹೊರಗೆ ಒಯ್ಯುವ ಕಾಲುವೆಯೊಳಗೆ, ಮಡಿಯ ಕೆಳಗಲ್ಲ.

ಜಿಪ್ಸಂ ಬಗ್ಗೆಯೂ ಕೇಳುತ್ತಾರೆ. ಸೋಡಿಯಂ ಜಾಸ್ತಿಯಾಗಿ ಕೆಟ್ಟ ಕರಲು ಭೂಮಿಗೆ ಅದು ನಿಜವಾದ ಮದ್ದು. ಮಲೆನಾಡಿನ ಹುಳಿ ಮಣ್ಣಿನ ಕಾಯಿಲೆ ಅದಲ್ಲ.

ಮಡಿ ಕಟ್ಟುವುದು

ಯಾವಾಗ ಅನ್ನುವುದು ಮೊದಲ ಪ್ರಶ್ನೆ. ಮಾರ್ಚಿನಲ್ಲಿ ಜೇಡಿ ಕಲ್ಲು, ಜೂನಿನಲ್ಲಿ ಕೆಸರು. ನಡುವೆ ಕೆಲವೇ ದಿನ ಅದು ಮನುಷ್ಯರ ಮಾತು ಕೇಳುತ್ತದೆ. ಭರಣಿ, ಕೃತ್ತಿಕಾ ಮಳೆಯ ಒಂದೆರಡು ಹದ ಬಿದ್ದು ಎರಡು ಮೂರು ದಿನ ಬಿಸಿಲು ಕಂಡರೆ ಸಾಕು. ಒಂದು ಮುಷ್ಟಿ ಮಣ್ಣನ್ನು ಉಂಡೆ ಕಟ್ಟಿ ಬೆರಳಿನಿಂದ ತಿವಿಯಿರಿ. ಪುಡಿಯಾಗಿ ಬಿದ್ದರೆ ಗುದ್ದಲಿ ತನ್ನಿ. ಬೆರಳಿನ ಗುರುತು ಹಾಗೇ ಉಳಿದರೆ ಇನ್ನೂ ಕಾಯಿರಿ.

ಅಗಲ ಒಂದು ಮೀಟರ್ ಇರಲಿ. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿಗೆ ಸಿಗಬೇಕು, ಮಡಿಯ ಮೇಲೆ ಕಾಲಿಡುವ ಪ್ರಸಂಗವೇ ಬರಬಾರದು. ಒಂದು ಹೆಜ್ಜೆಯ ಭಾರಕ್ಕೆ ಒದ್ದೆ ಜೇಡಿಯ ಸಂದುಗಳು ಮುಚ್ಚಿಹೋಗುತ್ತವೆ. ಮಡಿಗಳ ನಡುವಿನ ದಾರಿ ಒಂದೂವರೆ ಅಡಿ. ಅದೇ ನಡೆಯುವ ದಾರಿ, ಅದೇ ಕಾಲುವೆ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಶುಂಠಿಗೆ ಹೇಳುವ ಅಳತೆಯೂ ಸರಿಸುಮಾರು ಇದೇ: ಒಂದು ಮೀಟರ್ ಅಗಲದ ಮಡಿ, ನಡುವೆ ಅರ್ಧ ಮೀಟರ್ ಜಾಗ. ಅಲ್ಲಿ ಎತ್ತರ 15 ಸೆಂಟಿಮೀಟರ್ ಅಂತ ಹೇಳುತ್ತಾರೆ. ಗದ್ದೆಯ ಜೇಡಿಯಾದರೆ ನನ್ನ ಮಟ್ಟಿಗೆ ಅದು ಸಾಲದು, ಒಂದಡಿ ಬೇಕು.

ಒಂದಡಿಗೆ ಹೊರಗಿನಿಂದ ಮಣ್ಣು ತರಿಸಬೇಕಾ? ಹೆಚ್ಚಿನ ಸಲ ಬೇಡ. ಒಂದೂವರೆ ಅಡಿ ಅಗಲದ ದಾರಿಯನ್ನು ಅರ್ಧ ಅಡಿ ಆಳಕ್ಕೆ ತೋಡಿ, ಆ ಮಣ್ಣನ್ನು ಮಡಿಯ ಮೇಲೆ ಹಾಕಿದರೆ ಮಡಿ ಸುಮಾರು 7 ಸೆಂಟಿಮೀಟರ್ ಏರುತ್ತದೆ, ದಾರಿ 15 ಸೆಂಟಿಮೀಟರ್ ಇಳಿಯುತ್ತದೆ. ಅಂತರ ಆಗಲೇ 22 ಸೆಂಟಿಮೀಟರ್. ಮೇಲೆ ನಾಲ್ಕು ಬೆರಳು ಗೊಬ್ಬರ ಬಿದ್ದರೆ ಒಂದಡಿ ಆಯಿತು. ಇಂಥ ಮಡಿಯಲ್ಲಿ ನಿಮ್ಮದೇ ಮಣ್ಣು ಮೇಲೂ ಕೆಳಗೂ ಇರುವುದರಿಂದ ಎರಡು ಪದರಗಳ ನಡುವೆ ನೀರು ತಡೆಯುವ ತೊಂದರೆಯೂ ಇಲ್ಲ. ಮಡಿಯ ಮೇಲ್ಮೈ ಚಪ್ಪಟೆ ಬೇಡ, ನಡು ಸ್ವಲ್ಪ ಉಬ್ಬಿರಲಿ.

ಇಳಿಜಾರಿನಲ್ಲಿ ಮಡಿಯ ದಿಕ್ಕು ಹೇಗಿರಬೇಕು ಅನ್ನುವುದರಲ್ಲಿ ಗೊಂದಲ ಜಾಸ್ತಿ. ಇಳಿಜಾರಿನ ಉದ್ದಕ್ಕೆ ನೇರ ಮಾಡಿದರೆ ನೀರು ಓಡಿ ಮಣ್ಣನ್ನೇ ಕೊಚ್ಚಿಕೊಂಡು ಹೋಗುತ್ತದೆ. ಪೂರ್ತಿ ಅಡ್ಡಕ್ಕೆ ಸಮಮಟ್ಟ ಮಾಡಿದರೆ ದಾರಿಯಲ್ಲೇ ನಿಂತುಬಿಡುತ್ತದೆ. ಎರಡರ ನಡುವಿನದು ಬೇಕು. ಅಡ್ಡಕ್ಕೇ ಹಾಕಿ, ಆದರೆ ನೂರಕ್ಕೆ ಒಂದರಷ್ಟು ವಾಟ ಕೊಡಿ. ಹತ್ತು ಮೀಟರ್ ಉದ್ದದ ಕಾಲುವೆ ಒಂದು ತುದಿಯಿಂದ ಇನ್ನೊಂದಕ್ಕೆ 10 ಸೆಂಟಿಮೀಟರ್ ಇಳಿಯಬೇಕು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಗಾರೆಯವರು ಬಳಸುವ ನೀರು ತುಂಬಿದ ಲೆವೆಲ್ ಪೈಪು ಒಂದಿದ್ದರೆ ಅರ್ಧ ಗಂಟೆಯ ಕೆಲಸ. ಎಲ್ಲ ದಾರಿಗಳ ನೀರು ಸೇರುವ ತುದಿಯಲ್ಲಿ ಒಂದಡಿಯ ಒಂದು ಗುಂಡಿ ತೋಡಿಡಿ. ತೊಳೆದುಹೋಗುವ ಮಣ್ಣು ಅಲ್ಲಿ ಕೂರುತ್ತದೆ.

ಗೊಬ್ಬರ ಹಾಕುವುದು ಬರೀ ಆಹಾರಕ್ಕಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬಿದ್ದ ಕಡೆ ಎರೆಹುಳು, ಶಿಲೀಂಧ್ರ, ಸೂಕ್ಷ್ಮಜೀವಿಗಳು ಸೇರುತ್ತವೆ. ಅವು ಬಿಡುವ ಅಂಟು ಜೇಡಿಯ ಕಣಗಳನ್ನು ಸಣ್ಣ ಹರಳುಗಳಾಗಿ ಕಟ್ಟುತ್ತದೆ. ಹರಳುಗಳ ನಡುವೆ ದೊಡ್ಡ ಸಂದು, ಆ ಸಂದಿನಲ್ಲಿ ಗಾಳಿ. ಜೇಡಿಯನ್ನು ಒಳಗಿನಿಂದ ಬದಲಿಸುವ ನಂಬಬಹುದಾದ ದಾರಿ ಇದು, ಆದರೆ ನಿಧಾನ, ವರ್ಷ ವರ್ಷವೂ ಹಾಕುತ್ತಿರಬೇಕು. ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ಮಡಿಗೆ 5 ಸೆಂಟಿಮೀಟರ್ ದಪ್ಪ ಹಾಕಲು ಸುಮಾರು 150 ಲೀಟರ್ ಗೊಬ್ಬರ ಬೇಕು. ಮೇಲಿನ ಒಂದು ಗೇಣಿನಲ್ಲಿ ಬೆರೆಸಿದರೆ ಸಾಕು. ಹಸಿ ಸಗಣಿ ಬೇಡ. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಅದು ಕಳಿಯುವುದಿಲ್ಲ, ಕೊಳೆಯುತ್ತದೆ. ಇದ್ದಬದ್ದ ಆಮ್ಲಜನಕವನ್ನೂ ತಾನೇ ತಿಂದುಹಾಕುತ್ತದೆ.

ಇಷ್ಟು ಮಳೆ ತೊಳೆಯುವ ಮಣ್ಣು ಸಹಜವಾಗಿ ಹುಳಿಯಾಗಿರುತ್ತದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಪಿಎಚ್ ನೋಡಿಕೊಂಡು ಅವರು ಹೇಳಿದಷ್ಟು ಸುಣ್ಣ ಹಾಕಿ. ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರ ಒಟ್ಟಿಗೆ ಬೇಡ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಅಂತರ ಇರಲಿ.

ಅಂಚಿಗೆ ಏನು ಕಟ್ಟುವುದು? ಏನೂ ಕಟ್ಟದಿದ್ದರೂ ನಡೆಯುತ್ತದೆ. ಬದಿಯನ್ನು ಓರೆಯಾಗಿ ಬಿಟ್ಟು ಸಲಿಕೆಯ ಬೆನ್ನಿನಿಂದ ತಟ್ಟಿದರೆ ಒಂದು ಮಳೆಗಾಲ ನಿಲ್ಲುತ್ತದೆ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಇದ್ದರೆ ಚೆಂದ, ಮಳೆಗೆ ಬೇಗ ಕೊಳೆತು ಲಡ್ಡಾಗುತ್ತದೆ ಅಷ್ಟೆ. ಆದರೂ ಮನೆಯಲ್ಲೇ ಸಿಗುವ ವಸ್ತು. ಚಿರೆಕಲ್ಲನ್ನು ಗಾರೆಯಿಲ್ಲದೆ ಸುಮ್ನೆ ಜೋಡಿಸಿದರೆ ಸಂದುಗಳಿಂದ ನೀರು ಬಸಿಯುತ್ತದೆ. ಸಿಮೆಂಟು ಹಾಕಿ ಕಟ್ಟುವವರು ಬುಡದಲ್ಲಿ ತೂತು ಬಿಡಲು ಮರೆತರೆ ಅವರು ಕಟ್ಟಿದ್ದು ಮಡಿಯಲ್ಲ, ತೊಟ್ಟಿ.

ಹೊದಿಕೆ, ಬಿತ್ತನೆ, ಬೇಸಿಗೆ

ದಪ್ಪ ಮಳೆಹನಿ ನೆಲಕ್ಕೆ ಬಡಿಯುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಲಕ್ಷಾಂತರ ಹನಿಗಳ ಹೊಡೆತಕ್ಕೆ ನೀವು ಕಷ್ಟಪಟ್ಟು ಕಟ್ಟಿದ ಹರಳುಗಳು ಒಡೆದು, ಮೇಲೆ ಒಂದು ಗಟ್ಟಿ ಹೆಪ್ಪು ಕಟ್ಟುತ್ತದೆ. ಜೊತೆಗೆ ಮಣ್ಣು ಸಿಡಿದು ಎಲೆಗೆ ಅಂಟಿ ರೋಗವೂ ಹತ್ತುತ್ತದೆ. ಆದ್ದರಿಂದ ಮಡಿ ಒಂದು ದಿನವೂ ಬೆತ್ತಲೆ ಇರಬಾರದು. ಇದನ್ನು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಸೊಪ್ಪು, ದರಕು (ಒಣಗಿದ ಎಲೆ) ತಂದು ಅಡಿಕೆ ತೋಟಕ್ಕೆ ಹಾಸುವುದು ಇಲ್ಲಿ ಹಳೆಯ ಪದ್ಧತಿ. ಹಿತ್ತಲಿನ ಮಡಿಗೂ ಅದೇ ದರಕು, ಕರಡ (ಒಣಹುಲ್ಲು), ಅಡಿಕೆ ಸೋಗೆ ಸಾಕು. ಗಿಡದ ಬುಡದಿಂದ ಒಂದು ಗೇಣು ಮಾತ್ರ ಬಿಟ್ಟುಕೊಳ್ಳಿ. ಒದ್ದೆ ಹೊದಿಕೆ ಕಾಂಡಕ್ಕೆ ತಾಗಿದರೆ ಕಾಂಡ ಕೊಳೆಯುತ್ತದೆ, ಬಸವನಹುಳುವಿಗೆ ಮನೆಯೂ ಆಗುತ್ತದೆ.

ಮಳೆಗಾಲದ ಬೀಜ ರೋಹಿಣಿ ಮಳೆಯಲ್ಲೇ (ಮೇ ಕೊನೆ, ಜೂನ್ ಮೊದಲ ವಾರ) ನೆಲ ಸೇರಬೇಕು. ಬೆಂಡೆ, ಸೌತೆ, ಹೀರೆ, ಅಲಸಂದೆ ಆರಿದ್ರಾ ಹಿಡಿಯುವ ಮೊದಲು ನಾಲ್ಕಾರು ಎಲೆ ಬಿಟ್ಟು ಬೇರೂರಿದ್ದರೆ ಮಾತ್ರ ಆಮೇಲಿನ ಮಳೆಯನ್ನು ತಡೆದುಕೊಳ್ಳುತ್ತವೆ. ಟೊಮೆಟೊ, ಬೀನ್ಸ್, ಮೂಲಂಗಿ, ನವಿಲುಕೋಸಿಗೆ ಅವಸರ ಬೇಡ, ಚಿತ್ತಾ ಸ್ವಾತಿ ಕಳೆದು ನವೆಂಬರ್ ಬರಲಿ.

ಮಳೆ ಹೋದ ಮೇಲೆ ಇದೇ ಏರುಮಡಿಯಿಂದ ಇನ್ನೊಂದು ತಾಪತ್ರಯ. ನೀರು ಬಸಿಯುವ ಮಡಿ ಬೇಗ ಒಣಗುತ್ತದೆ, ಒಣಗಿದ ಜೇಡಿ ಬಿರುಕು ಬಿಡುತ್ತದೆ. ನವೆಂಬರಿನಿಂದ ಕಾಲುವೆಯ ಹೊರಬಾಯಿಗೆ ಒಂದು ಹೆಂಟೆ ಅಡ್ಡವಿಟ್ಟು ದಾರಿಯಲ್ಲೇ ನೀರು ನಿಲ್ಲಿಸಿ. ಮಡಿ ಬದಿಯಿಂದ ಎಳೆದುಕೊಳ್ಳುತ್ತದೆ. ಕಡುಬೇಸಿಗೆಯ ಹರಿವೆ, ಬಸಳೆಗೆ ಮಡಿಯ ನಡುವನ್ನೇ ಸ್ವಲ್ಪ ತಗ್ಗಿಸಿ ಪಾತಿ ಮಾಡಿಕೊಂಡರೂ ಆಯಿತು. ಮೇ ತಿಂಗಳಲ್ಲಿ ಅದನ್ನು ಮತ್ತೆ ಉಬ್ಬಿಸಿ, ಹೆಂಟೆ ಕಿತ್ತು, ತುದಿಯ ಗುಂಡಿಯಲ್ಲೂ ಕಾಲುವೆಯಲ್ಲೂ ಕೂತ ಹೂಳನ್ನು ಬಾಚಿ ಮಡಿಗೆ ಹಾಕಿ. ಅದು ಕಸವಲ್ಲ, ಹೋದ ಮಳೆಯಲ್ಲಿ ಇಳಿದುಹೋದ ನಿಮ್ಮದೇ ಮೇಲ್ಮಣ್ಣು.